ಒಂಬತ್ತು ಗೇಣಿನ ಜೊಂಗಾ

ಬೆಳಗಾವಿಯ ಸೈನ್ಯ ಭರ್ತಿಯಲ್ಲಿ ಹೊಳೆಪ್ಪನ ಎದೆ ಅರ್ಧ ಇಂಚು ಕಡಿಮೆ ಬಿತ್ತು. ಉಸಿರು ಬಿಗಿಹಿಡಿದ, ಭುಜ ಹಿಂದಕ್ಕೆ ಎಳೆದ, ಕಣ್ಣು ಕೆಂಪಾಗುವಷ್ಟು ಉಬ್ಬಿದ. ಟೇಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಳೆಯುತ್ತಿದ್ದ ಹವಾಲ್ದಾರ ಕರುಣೆಯುಳ್ಳವನು. ಹತ್ತೊಂಬತ್ತರ ಹುಡುಗ ಗಲಗಲಿಯಿಂದ ಇಷ್ಟು ದೂರ ಬಂದಿದ್ದಾನೆ ಎಂದು ಇನ್ನೊಮ್ಮೆ ಅಳೆದ, ಎರಡನೆಯ ಸಲ ಟೇಪನ್ನು ತುಸು ಸಡಿಲ ಕೂಡ ಬಿಟ್ಟ. ಆದರೂ ಅರ್ಧ ಇಂಚು ಅರ್ಧ ಇಂಚಾಗಿಯೇ ಉಳಿಯಿತು. ಹೊಳೆಪ್ಪ ಅಂಗಿ ಹಾಕಿಕೊಂಡು ಮೈದಾನದ ಆಚೆ ಬಂದ. ಅಲ್ಲಿ ಹಸಿರು ಬಣ್ಣದ ಮಿಲಿಟರಿ ಗಾಡಿಗಳು ಸಾಲಾಗಿ ನಿಂತಿದ್ದವು. ಡ್ರೈವರ್ ಆಗಬೇಕೆಂದೇ ಅವನು ಬಂದದ್ದು. ಆ ಸಾಲಿನ ಮುಂದೆ ಮೂರು ಸಲ ಅಡ್ಡಾಡಿದ. ನಾಲ್ಕನೆಯ ಸಲ ಕಾವಲಿನವನು ಗದರಿಸಿದ ಮೇಲೆ ಬಸ್‌ಸ್ಟ್ಯಾಂಡಿಗೆ ಹೋದ.

ಅಲ್ಲಿಂದ ಅವನು ಎರಡು ಹಟ ಕಟ್ಟಿಕೊಂಡು ಊರಿಗೆ ಬಂದ. ಇನ್ನು ಮೇಲೆ ಅಳತೆಯ ವಿಷಯದಲ್ಲಿ ಯಾರೂ ತನಗೆ ಎದುರು ಮಾತಾಡಬಾರದು ಎಂಬುದು ಒಂದು. ಆ ಗಾಡಿಗಳನ್ನು ಓಡಿಸುವುದು ಹಣೆಯಲ್ಲಿ ಇಲ್ಲದಿದ್ದರೆ ಹೋಗಲಿ, ಸಣ್ಣದಾಗಿ ಮಾಡಿಯಾದರೂ ಮನೆಯಲ್ಲಿ ನಿಲ್ಲಿಸಬೇಕು ಎಂಬುದು ಇನ್ನೊಂದು. ಮೊದಲಿನ ಹಟಕ್ಕೆ ತಕ್ಕ ನೌಕರಿಯೂ ಸಿಕ್ಕಿತು. ಆಲಮಟ್ಟಿಯ ಅಣೆಕಟ್ಟು ಏಳುತ್ತಿತ್ತು, ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗುವ ಊರುಗಳ ಮನೆ, ಹೊಲ, ಬಾವಿ, ಗಿಡ ಎಲ್ಲವನ್ನೂ ಅಳೆದು ಬರೆಯಬೇಕಿತ್ತು. ಬೀಳಗಿಯ ಕಚೇರಿಯಲ್ಲಿ ಹೊಳೆಪ್ಪ ಚೈನ್‌ಮನ್ ಆದ. ಅಂದರೆ ಸರಪಳಿಯ, ಟೇಪಿನ ಒಂದು ತುದಿ ಹಿಡಿಯುವವನು. ಕೆಲಸ ಸಣ್ಣದು ಎಂದು ನಗುವವರು ನಕ್ಕರು. ಆದರೆ ಯಾವ ಮನೆಗಳ ಕಟ್ಟೆಯ ಮೇಲೆ ಅವನ ಅಪ್ಪ ಕೂತಿರಲಿಲ್ಲವೋ ಆ ಮನೆಗಳೊಳಗೆ ಹೊಳೆಪ್ಪ ಸರಕಾರದ ಟೇಪು ಹಿಡಿದು ಅಡುಗೆಮನೆಯ ಒಲೆಯ ತನಕ ಹೋಗಿಬಂದ. ಬೇಡ ಅನ್ನುವ ಧೈರ್ಯ ಒಬ್ಬರಿಗೂ ಆಗಲಿಲ್ಲ, ಏಕೆಂದರೆ ಒಲೆಯನ್ನು ಬಿಟ್ಟರೆ ಪರಿಹಾರದಲ್ಲಿ ಅಡುಗೆಮನೆಯೇ ಬಿಟ್ಟುಹೋಗುತ್ತಿತ್ತು.

ಅವನದೊಂದು ರೀತಿ ಇತ್ತು. ಟೇಪು ಬಿಚ್ಚುವ ಮೊದಲು ಗೋಡೆಯನ್ನು ಕೈಯಿಂದ ಗೇಣು ಹಾಕಿ ಅಳೆಯುವನು, ಹೆಬ್ಬೆರಳಿನಿಂದ ಕಿರುಬೆರಳಿಗೆ, ಕಿರುಬೆರಳಿನಿಂದ ಹೆಬ್ಬೆರಳಿಗೆ, ಹುಳು ಹರಿದಂತೆ ಸರಸರ. ಲೆಕ್ಕ ಬಾಯಲ್ಲಿ ಹೇಳಿದ ಮೇಲೆ ಟೇಪು. ಟೇಪು ಪ್ರತಿ ಸಲವೂ ಅವನ ಮಾತನ್ನೇ ಹೇಳುತ್ತಿತ್ತು. ಹೊಳೆಪ್ಪನ ಗೇಣು ಒಂಬತ್ತು ಇಂಚು, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆ ಇಲ್ಲ. ಹೊಸದಾಗಿ ಬಂದ ಎಂಜಿನಿಯರುಗಳು ಚಹಾದ ಪಂದ್ಯ ಕಟ್ಟಿ ಸೋಲುತ್ತಿದ್ದರು. ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದ ಜೊತೆಗಾರ ಅಮಸಿದ್ದಪ್ಪ, ನಿನ್ನ ಕೈ ಕಡಿದು ಕಚೇರಿಯ ಗೋಡೆಗೆ ತೂಗುಹಾಕಿದರೆ ನಮಗೆಲ್ಲ ಆರಾಮು ಎಂದು ಚೇಷ್ಟೆ ಮಾಡುತ್ತಿದ್ದ. ಹೊಳೆಪ್ಪನಿಗೆ ಅದು ಚೇಷ್ಟೆ ಅನಿಸುತ್ತಿರಲಿಲ್ಲ, ಬಿರುದು ಅನಿಸುತ್ತಿತ್ತು.

ಎರಡನೆಯ ಹಟ ಮನೆಯಲ್ಲಿ ನಡೆಯಿತು. ರವಿವಾರ ಬಂತೆಂದರೆ ಹಿತ್ತಲಿನ ಬೇವಿನ ಗಿಡದ ಕೆಳಗೆ ಕೂತು ಗಾಡಿ ಮಾಡುವುದು. ಹೆಂಡತಿ ಮುದಕವ್ವನ ತವರು ಬನಹಟ್ಟಿ. ಅಲ್ಲಿ ಮಗ್ಗಕ್ಕೆ ಬೇಡವಾದ ಹಳೆಯ ಲಾಳಿಗಳು ಬುಟ್ಟಿಗಟ್ಟಲೆ ಸಿಗುತ್ತಿದ್ದವು. ವರ್ಷಗಟ್ಟಲೆ ನೂಲು ಉಜ್ಜಿ ನುಣುಪಾದ ಆ ಗಟ್ಟಿ ಕಟ್ಟಿಗೆಯಲ್ಲಿ ಚೌಕಟ್ಟು ಆಗುತ್ತಿತ್ತು. ಎಣ್ಣೆ ಡಬ್ಬಿಯ ತಗಡಿನಲ್ಲಿ ಬಾನೆಟ್ಟು, ಬಾಗಿಲು. ಸವೆದ ಹವಾಯಿ ಚಪ್ಪಲಿಯಲ್ಲಿ ಟೈರು. ಹರಿದ ಛತ್ರಿಯ ಬಟ್ಟೆಯಲ್ಲಿ ಮೇಲೆ ಹೊದಿಸುವ ಟಪ. ಅವನ ಶಕ್ತಿಮಾನ್ ಲಾರಿಯ ಹಿಂಬಾಗಿಲು ಕೊಂಡಿ ತೆಗೆದರೆ ಕೆಳಗೆ ಇಳಿಯುತ್ತಿತ್ತು, ಜೀಪಿನ ಗಾಜು ಮುಂದಕ್ಕೆ ಮಡಚುತ್ತಿತ್ತು, ನೀರಿನ ಟ್ರೇಲರಿನ ನಳ ತಿರುವಿದರೆ ಖರೇನೇ ಹನಿ ಬೀಳುತ್ತಿತ್ತು. ಲೆಕ್ಕ ಒಂದೇ: ದೊಡ್ಡ ಗಾಡಿಯ ಒಂದು ಗೇಣಿಗೆ ಸಣ್ಣ ಗಾಡಿಯಲ್ಲಿ ಒಂದು ಇಂಚು. ನಿಯಮವೂ ಒಂದೇ: ತನ್ನ ಕೈ ಮುಟ್ಟಿ ಅಳೆಯದ ಗಾಡಿಯನ್ನು ಮಾಡುವುದಿಲ್ಲ. ಒಂದು ಶಕ್ತಿಮಾನಿಗಾಗಿ ನಾಲ್ಕು ಸಲ ಬೆಳಗಾವಿಗೆ ಹೋಗಿ, ರಸ್ತೆಯ ಬದಿ ನಿಂತ ಮಿಲಿಟರಿ ಲಾರಿಯ ಜವಾನನಿಗೆ ಕೈಮುಗಿದು ಅಳೆದುಕೊಂಡು ಬಂದಿದ್ದ.

ಮಕ್ಕಳು ಇಬ್ಬರು. ದೊಡ್ಡವನು ಯುವರಾಜ, ಚಿಕ್ಕವಳು ಸಂಘಮಿತ್ರಾ. ಯುವರಾಜನಿಗೆ ಅಪ್ಪ ಮೊದಲು ಕಲಿಸಿದ್ದು ಅಕ್ಷರವಲ್ಲ, ಗೇಣು. ಹಳೆಯ ಮನೆಯ ಬಾಗಿಲ ಚೌಕಟ್ಟಿನಲ್ಲಿ ಹೊಳೆಪ್ಪ ಒಂಬತ್ತು ಇಂಚಿಗೆ ಒಂದು ಗೆರೆ ಕೊರೆದಿದ್ದ. ಪ್ರತಿ ವರ್ಷ ಅಂಬೇಡ್ಕರ್ ಜಯಂತಿಯ ದಿನ ಹೊಸ ಅಂಗಿ ತೊಡಿಸಿ ಮಗನ ಕೈಯನ್ನು ಅಲ್ಲಿ ಅಗಲ ಮಾಡಿಸಿ ಇಟ್ಟು ನೋಡುತ್ತಿದ್ದ. ಐದು ಇಂಚು, ಆರು, ಏಳೂವರೆ. ಹುಡುಗನಿಗೆ ಹದಿನೈದಾದ ವರ್ಷ ಕಿರುಬೆರಳು ಸರಿಯಾಗಿ ಆ ಗೆರೆಯ ಮೇಲೆ ಬಂದು ಕೂತಿತು. ಹೊಳೆಪ್ಪ ಓಣಿಯವರಿಗೆಲ್ಲ ಬೂಂದಿ ಹಂಚಿದ. ಕೈ ತಯಾರಾಯಿತು, ಇನ್ನು ಅಳೆಯುವುದು ಬೇಕಿಲ್ಲ ಎಂದ. ಮರುವರ್ಷದಿಂದ ಆ ಚೌಕಟ್ಟಿನ ಹತ್ತಿರ ಯಾರೂ ಕೈ ಇಡಲಿಲ್ಲ. ಅಪ್ಪನ ಅಳತೆಗೆ ಬಂದ ಮೇಲೆ ಮಗ ಬೆಳೆಯುವುದು ನಿಂತೇ ಹೋಗುತ್ತದೆ ಎಂದು ಅವನು ನಂಬಿದಂತಿತ್ತು. ಎಷ್ಟು ಅಪ್ಪಂದಿರು ಹಾಗೆ ನಂಬಿಲ್ಲ.

ತೊಂಬತ್ತೇಳರಲ್ಲಿ ಹೊಳೆದಂಡೆಯ ಅವರ ಕೇರಿಯ ಸರದಿ ಬಂತು. ತನ್ನ ಮನೆಯನ್ನು ತಾನೇ ಅಳೆಯುವ ಹಾಗಿಲ್ಲ ಎಂದು ನಿಯಮ. ಅಮಸಿದ್ದಪ್ಪ ಟೇಪು ಹಿಡಿದ, ಹೊಳೆಪ್ಪ ಬಾಗಿಲ ಹೊರಗೆ ನಿಂತು ಗೇಣುಗಳನ್ನು ಮನಸ್ಸಿನಲ್ಲೇ ಎಣಿಸಿದ. ಎಲ್ಲವೂ ಸರಿ ಬಂತು. ಹುಳ ತಿಂದಿದ್ದ ಆ ಬಾಗಿಲ ಚೌಕಟ್ಟು ಕೀಳುವಾಗ ಮುರಿಯಿತು, ಅದನ್ನು ಅಲ್ಲೇ ಬಿಟ್ಟು ಬಂದರು. ಹೊಸ ಪುನರ್ವಸತಿ ಕೇಂದ್ರದಲ್ಲಿ ಸಿಮೆಂಟಿನ ಮನೆಗೆ ಕಬ್ಬಿಣದ ಚೌಕಟ್ಟು ಇತ್ತು.

ಮರುವರ್ಷ ಯುವರಾಜ ಭರ್ತಿಗೆ ನಿಂತ. ಎದೆ ಬೇಕಾದದ್ದಕ್ಕಿಂತ ಎರಡು ಇಂಚು ಹೆಚ್ಚಿತ್ತು. ಮುದಕವ್ವನಿಗೆ ಅವನು ಸಾಲಿ ಮಾಸ್ತರನಾಗಲಿ ಎಂಬ ಆಸೆ. ಅವಳನ್ನು ಯಾರೂ ಕೇಳಲಿಲ್ಲ. ಮಗ ಸೈನ್ಯದ ಡ್ರೈವರ್ ಆದನೆಂಬ ಸುದ್ದಿ ಬಂದ ದಿನ ಹೊಳೆಪ್ಪ ಬೀಳಗಿಯ ಕಚೇರಿಯಲ್ಲಿ ಎಲ್ಲರ ಮೇಜಿಗೂ ಹೋಗಿ, ಕಡಿಮೆ ಬಿದ್ದಿದ್ದ ಆ ಅರ್ಧ ಇಂಚಿನ ಕಥೆಯನ್ನು ಮೊದಲ ಸಲ ನಗುತ್ತ ಹೇಳಿದ. ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ. ಆ ಹುಡುಗನನ್ನು ಹಿಮದ ಬೆಟ್ಟದ ಮೇಲೆ ಕಳಿಸಿದ್ದು ಸರಕಾರವಲ್ಲ, ಬೇವಿನ ಗಿಡದ ಕೆಳಗಿನ ಆ ಆಟಿಕೆ ಲಾರಿಗಳು.

ಎರಡು ಸಾವಿರದ ಇಸವಿಯಲ್ಲಿ ಯುವರಾಜ ತಿಂಗಳ ರಜೆಗೆ ಬಂದ. ಅಪ್ಪ ಮಗನ ಬೂಟು ನೋಡಿದ, ಬೆಲ್ಟು ನೋಡಿದ, ಡ್ರೈವಿಂಗ್ ಲೈಸೆನ್ಸಿನ ಸಿಕ್ಕೆಯನ್ನು ಕನ್ನಡಕ ಹಾಕಿಕೊಂಡು ಓದಿದ. ದಿನವೂ ಇಬ್ಬರೂ ಹಿತ್ತಲಲ್ಲಿ ಕೂತು ಅರ ತಿಕ್ಕಿದರು. ಅರ ಹಿಡಿದ ಮಗನ ಕೈಯನ್ನು ಹೊಳೆಪ್ಪ ತಿಂಗಳಿಡೀ ಕಣ್ಣ ಮುಂದೆಯೇ ಇಟ್ಟುಕೊಂಡೂ ನೋಡಲಿಲ್ಲ. ಹೊರಡುವ ದಿನ ಮಗ ಹೇಳಿದ, ನಾನೀಗ ಓಡಿಸುವುದು ಜೊಂಗಾ. ಜೀಪಿಗಿಂತ ದೊಡ್ಡದು, ಆನೆಯಂಥ ಗಾಡಿ, ಅದನ್ನು ಮಾಡು, ಮುಂದಿನ ರಜೆಗೆ ಬಂದು ನಾನೇ ತಪಾಸಣೆ ಮಾಡುತ್ತೇನೆ. ಅಳೆಯದ ಗಾಡಿ ಮಾಡುವುದಿಲ್ಲ ಎಂದು ಅಪ್ಪ ತಲೆಯಾಡಿಸಿದ. ನಾನು ಅಳೆದು ಬರೆಯುತ್ತೇನಲ್ಲ ಎಂದ ಮಗ. ಹೊಳೆಪ್ಪ ಒಪ್ಪಿಕೊಂಡ. ಬೇರೆಯವರ ಅಳತೆಯ ಮೇಲೆ ಅವನು ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲು.

ಪತ್ರಗಳು ಬರತೊಡಗಿದವು. ಇನ್‌ಲ್ಯಾಂಡಿನ ನೆತ್ತಿಯ ಮೇಲೆ ಜೈ ಭೀಮ್, ಕೆಳಗೆ ಅವ್ವನ ಮೊಣಕಾಲು ನೋವಿನ ವಿಚಾರಣೆ, ಅದರ ಕೆಳಗೆ ಜೊಂಗಾ. ಟೇಪು ಹಿಡಿದು ಗಾಡಿ ಅಳೆಯುತ್ತಿದ್ದರೆ ಮೇಲಿನವರು ಏನು ಎತ್ತ ಎಂದು ಕೇಳುತ್ತಾರೆ, ಅದಕ್ಕೇ ತೊಳೆಯುವ ನೆಪದಲ್ಲಿ ಗೇಣು ಹಾಕುತ್ತಿದ್ದೇನೆ ಎಂದು ಬರೆದಿದ್ದ. ಮುಂದಿನ ಗಾಲಿಯ ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿಗೆ ಒಂಬತ್ತು ಗೇಣು. ಬಂಪರಿನಿಂದ ಬಂಪರಿಗೆ ಹದಿನಾರು ಗೇಣಿಗೆ ಎರಡು ಬೆರಳು ಕಡಿಮೆ. ಗಾಲಿ ಕೂರುವ ಗೂಡು ಮೂರೂಕಾಲು ಗೇಣು. ಹೀಗೆ ನಲವತ್ತು ಅಳತೆ, ನಾಲ್ಕು ಪತ್ರಗಳಲ್ಲಿ. ಗಾಲಿಯದೊಂದು ಮಾತ್ರ ಉಳಿದಿತ್ತು. ಹಿಮದಲ್ಲಿ ಜಾರದಿರಲೆಂದು ಗಾಲಿಗಳಿಗೆ ಸರಪಳಿ ಸುತ್ತಿದ್ದರಿಂದ ಅವುಗಳ ಮೇಲೆ ಕೈ ಇಡಲು ಬರುವುದಿಲ್ಲ. ರನ್ನ ಬೆಳಗಲಿಯ ಸಾಹುಕಾರ ಅಣ್ಣಾಸಾಹೇಬರು ಮಿಲಿಟರಿ ಹರಾಜಿನಲ್ಲಿ ತಂದ ಜೊಂಗಾ ಒಂದಿದೆ, ಗಾಲಿಯನ್ನು ಅದರಲ್ಲಿ ನೋಡು ಎಂದಿದ್ದ.

ಅಣ್ಣಾಸಾಹೇಬರ ಜೊಂಗಾ ಒಂದು ದಿನ ಮುಧೋಳದಲ್ಲಿ ಬಸ್‌ಸ್ಟ್ಯಾಂಡಿನ ಎದುರು ನಿಂತದ್ದು ಹೊಳೆಪ್ಪನಿಗೆ ಕಂಡಿತು. ಹಿಂದಿನ ಸೀಟಿನಲ್ಲಿ ಅವರ ಎರಡು ಬೇಟೆ ನಾಯಿಗಳು ಉದ್ದ ಮೂತಿ ಹೊರಗಿಟ್ಟು ಕೂತಿದ್ದವು. ಟೇಪು ಜೊತೆಗಿರಲಿಲ್ಲ. ಇದ್ದರೂ ತೆಗೆಯುತ್ತಿರಲಿಲ್ಲವೇನೋ, ಮಗ ಗೇಣಿನಲ್ಲಿ ಬರೆದದ್ದಕ್ಕೆ ಅಪ್ಪನೂ ಗೇಣಿನಲ್ಲೇ ಸೇರಿಸಬೇಕು ಎಂಬುದು ಅವನ ಲೆಕ್ಕ. ನಾಯಿಗಳು ಗುರುಗುಟ್ಟುತ್ತಿದ್ದಂತೆಯೇ ಗಾಲಿಯ ಮೇಲೆ ಕೈ ಹರಿಸಿದ: ಮೂರು ಗೇಣು, ಮೇಲೆ ನಾಲ್ಕು ಬೆರಳು, ಅಂದರೆ ಗೇಣಿನ ಮೂರನೆಯ ಒಂದು ಭಾಗ. ಅಚ್ಚಿನಿಂದ ಅಚ್ಚಿಗೆ ಅಳೆಯಬಹುದಿತ್ತು, ಆದರೆ ಅದು ಆಗಲೇ ಕೈಯಲ್ಲಿತ್ತಲ್ಲ. ಇನ್ನೊಂದು ನಿಮಿಷ ಅಲ್ಲಿ ನಿಂತಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಬೀಳಗಿಯ ಬಸ್ಸು ಹಾರ್ನ್ ಹಾಕಿತು, ಅವನು ಓಡಿ ಹತ್ತಿದ.

ಎಂಟು ತಿಂಗಳು ಕೆಲಸ ನಡೆಯಿತು. ಹೊಳೆಪ್ಪನ ಕೈಯಲ್ಲಿ ಅಂಥ ಗಾಡಿ ಮೊದಲು ಆಗಿರಲಿಲ್ಲ. ಮೂತಿಯ ಜಾಲರಿಯ ಪಟ್ಟಿ ಒಂದೊಂದನ್ನೂ ಬೇರೆ ಬೇರೆ ಕತ್ತರಿಸಿ ಬೆಸೆದ. ಸ್ಟೇರಿಂಗ್ ತಿರುವಿದರೆ ಮುಂದಿನ ಅಚ್ಚು ಹೊರಳುತ್ತಿತ್ತು. ಡ್ರೈವರನ ಸೀಟಿಗೆ ಮುದಕವ್ವನಿಂದ ಹಸಿರು ಬಟ್ಟೆಯ ಸಣ್ಣ ಗಾದಿ ಹೊಲಿಸಿದ. ಕೊನೆಗೆ ಗಾಲಿ ಜೋಡಿಸುವ ದಿನ ಬಂತು. ಗಾಲಿ ಗೂಡಿನೊಳಗೆ ಹೋಗಲಿಲ್ಲ. ತಿರುಗಿಸಿ ಇಟ್ಟ, ಹೋಗಲಿಲ್ಲ. ಗಾಲಿ ಮೂರು ಇಂಚು ಮತ್ತು ಮೂರನೆಯ ಒಂದು ಭಾಗ, ಗೂಡು ಮೂರೂಕಾಲು. ಗೂಡಿಗಿಂತ ಗಾಲಿಯೇ ದೊಡ್ಡದಾದ ಗಾಡಿಯನ್ನು ಯಾವ ಕಾರಖಾನೆಯೂ ಮಾಡುವುದಿಲ್ಲ. ಎರಡರಲ್ಲಿ ಒಂದು ಅಳತೆ ತಪ್ಪಿದೆ. ಯಾವುದು ತಪ್ಪು ಎಂದು ಹೊಳೆಪ್ಪ ಅರೆಗಳಿಗೆಯೂ ಯೋಚಿಸಲಿಲ್ಲ. ತನ್ನ ಕೈಯನ್ನು ಮೂವತ್ತು ವರ್ಷ ಟೇಪು ನಂಬಿತ್ತು.

ಅಂದೇ ಪತ್ರ ಬರೆದ. ಸಿಟ್ಟಿನಲ್ಲಿ ಬರೆದ ಆ ಪತ್ರದ ಮಾತುಗಳು ಅವನಿಗೆ ಕೊನೆಯ ತನಕ ಬಾಯಿಪಾಠವಿದ್ದವು. "ನಾ ಮುಳುಗಿದ ಊರೆಲ್ಲಾ ಅಳದೇನಿ, ಒಂದ ಮನಿಯವರೂ ತಪ್ಪ ಅಂದಿಲ್ಲ. ನಿನಗ ಒಂದ ಗಾಡಿ ಅಳಿಯಾಕ ಆಗಲಿಲ್ಲ. ಕೈ ಎಲ್ಲಿತ್ತು, ಲಕ್ಷ್ಯ ಎಲ್ಲಿತ್ತು? ಅಳತಿ ಬರೋಬ್ಬರಿ ಮಾಡಿ ಕಳಸು. ಅಲ್ಲೀತನಕ ಗಾಲಿ ಹಾಕಂಗಿಲ್ಲ."

ಉತ್ತರ ಡಿಸೆಂಬರಿನಲ್ಲಿ ಬಂತು. ಅವ್ವನ ಮೊಣಕಾಲಿನ ವಿಚಾರಣೆ ಇತ್ತು, ತಂಗಿಯ ಓದಿನ ವಿಚಾರಣೆ ಇತ್ತು. ಆಮೇಲೆ ಎರಡೇ ಸಾಲು. "ಅಪ್ಪಾ, ಮತ್ತ ಎರಡ ಸಲ ಅಳದೇನಿ. ಗಾಲಿ ಗೂಡ ಮೂರೂಕಾಲನ ಐತಿ, ಅಚ್ಚಿಂದ ಅಚ್ಚಿಗೆ ಒಂಬತ್ತ ಗೇಣನ ಐತಿ. ತಪ್ಪ ನಂದಲ್ಲ."

ಹೊಳೆಪ್ಪನಿಗೆ ಮೈ ಉರಿಯಿತು. ತಪ್ಪು ಮಾಡಿದ್ದಕ್ಕಿಂತ ತಪ್ಪಲ್ಲ ಅಂದದ್ದಕ್ಕೆ ಉರಿಯಿತು. ಪತ್ರವನ್ನು ಮಡಚಿ ಜೊಂಗಾದ ಹಿಂದಿನ ಸೀಟಿನಲ್ಲಿ ತುರುಕಿ, ಗಾಲಿ ಇಲ್ಲದ ಗಾಡಿಯನ್ನು ಗೋಡೆಯ ಗೂಡಿನಲ್ಲಿ ಎತ್ತಿಟ್ಟ. ಪತ್ರ ಬರೆಯಿರಿ ಎಂದು ಮುದಕವ್ವ ವಾರಕ್ಕೊಮ್ಮೆ ಅಂದಳು. ಯುಗಾದಿಯ ತನಕ ಹಾಗೇ ಇರಲಿ, ತಾನಾಗಿ ಬುದ್ಧಿ ಬರುತ್ತದೆ ಎಂದ. ಯುಗಾದಿಗೆ ಇನ್ನೂ ಮೂರು ತಿಂಗಳಿತ್ತು, ಮೂರು ತಿಂಗಳೆಂದರೆ ಅವನಿಗೆ ಏನೂ ದೊಡ್ಡದಾಗಿ ಕಾಣಲಿಲ್ಲ.

ಎರಡು ಸಾವಿರದ ಎರಡನೆಯ ಇಸವಿಯ ಜನವರಿಯಲ್ಲಿ ಬೆಟ್ಟದ ದಾರಿಯ ಮೇಲೆ ಹಿಮ ಕುಸಿಯಿತು. ಯುವರಾಜನ ಗಾಡಿ ಆ ದಾರಿಯಲ್ಲಿತ್ತು. ಎಂಟು ದಿನದ ಮೇಲೆ ಪೆಟ್ಟಿಗೆ ಊರಿಗೆ ಬಂತು, ಮೇಲೆ ಬಾವುಟ ಹೊದಿಸಿತ್ತು, ಮುಚ್ಚಳಕ್ಕೆ ಮೊಳೆ ಹೊಡೆದಿತ್ತು. ಜೊತೆಗೆ ಬಂದ ಸೈನಿಕರು ತೆರೆಯಬೇಡಿ ಎಂದು ಕೈಮುಗಿದು ಹೇಳಿದರು. ಮುಖ ಬೇಡ, ಒಂದು ಕೈಯನ್ನಾದರೂ ತೋರಿಸಿ ಎಂದು ಮುದಕವ್ವ ಪೆಟ್ಟಿಗೆಯನ್ನು ತಬ್ಬಿಕೊಂಡಳು. ಹೊಳೆಪ್ಪನೇ ಅವಳನ್ನು ಬಿಡಿಸಿ ಹಿಂದಕ್ಕೆ ಎಳೆದ. ಬುದ್ಧವಂದನೆ ಹೇಳಿ ಮಣ್ಣು ಮಾಡಿದರು. ಕುಣಿಯನ್ನು ಅಗೆಯಲು ನಿಂತವರು ಉದ್ದ ಎಷ್ಟು ಎಂದು ಅಭ್ಯಾಸಬಲದಿಂದ ಹೊಳೆಪ್ಪನ ಮುಖ ನೋಡಿದರು. ಅಮಸಿದ್ದಪ್ಪ ಅವನ ಬದಲು ಹೇಳಿದ.

ಆಮೇಲಿನ ಎರಡು ವರ್ಷ ಹೊಳೆಪ್ಪ ಗಾಡಿ ಮುಟ್ಟಲಿಲ್ಲ. ಕಚೇರಿಗೆ ಹೋಗುತ್ತಿದ್ದ, ಟೇಪು ಹಿಡಿಯುತ್ತಿದ್ದ, ಗೇಣು ಹಾಕುವುದನ್ನು ಬಿಟ್ಟುಬಿಟ್ಟಿದ್ದ. ಅವನನ್ನು ಕೊರೆಯುತ್ತಿದ್ದದ್ದು ಬರೀ ಸಾವಲ್ಲ. ಮಗನಿಗೆ ಬರೆದ ಕೊನೆಯ ಪತ್ರ ಬೈಗುಳದ ಪತ್ರವಾಯಿತಲ್ಲ ಎಂಬುದು ಕೊರೆಯುತ್ತಿತ್ತು. ಅದಕ್ಕೆ ಒಂದೇ ಒಂದು ಸಮಾಧಾನವನ್ನು ಅವನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ: ಬೈದದ್ದು ಹೆಚ್ಚಾಯಿತು, ಆದರೆ ಬೈದದ್ದು ಸುಳ್ಳಲ್ಲ, ಅಳತೆ ತಪ್ಪಿತ್ತು. ಸುಳ್ಳು ಹೊರಿಸಿ ಮಗನನ್ನು ಕಳಿಸಿಲ್ಲ ಎಂಬ ಆ ಒಂದು ಮಾತಿನ ಮೇಲೆ ಅವನು ಬದುಕಿದ್ದ.

ಅದೂ ಒಂದು ರವಿವಾರದ ಮಧ್ಯಾಹ್ನ ಹೋಯಿತು. ಸಂಘಮಿತ್ರಾ ಆ ವರ್ಷ ಜಮಖಂಡಿಯ ಹತ್ತಿರದ ಒಂದು ಸಾಲಿಯಲ್ಲಿ ಶಿಕ್ಷಕಿಯಾಗಿ ಸೇರಿದ್ದಳು. ಮಗ ಆಗಲಿಲ್ಲ, ಮಗಳಾದರೂ ಆದಳು ಎಂದು ಅವ್ವನಿಗೆ ತುಸು ಜೀವ ಬಂದಿತ್ತು. ಊಟಕ್ಕೆ ಕೂತಾಗ ಅವಳು ತನ್ನ ಮೂರನೆಯ ಇಯತ್ತೆಯ ಮಕ್ಕಳ ಕಥೆ ಹೇಳುತ್ತಿದ್ದಳು. ಅಳತೆಯ ಪಾಠವಂತೆ. ಒಂದು ಬೆಂಚನ್ನು ಎಲ್ಲರೂ ತಮ್ಮ ತಮ್ಮ ಗೇಣಿನಿಂದ ಅಳೆಯಬೇಕಂತೆ. ಒಬ್ಬ ಹತ್ತು ಅಂದ, ಒಬ್ಬಳು ಹನ್ನೆರಡು ಅಂದಳು, ಇನ್ನೊಬ್ಬ ಹನ್ನೊಂದೂವರೆ. ನನ್ನದೇ ಖರೆ ಎಂದು ಹೊಡೆದಾಟಕ್ಕೇ ನಿಂತರಂತೆ. ಯಾರದೂ ತಪ್ಪಲ್ಲ, ನಿಮ್ಮ ಕೈಗಳು ಬೇರೆ ಬೇರೆ ಇವೆ ಎಂದು ತಿಳಿಸಿ ಹೇಳುವಷ್ಟರಲ್ಲಿ ತನಗೆ ಸಾಕುಬೇಕಾಯಿತು ಎಂದು ನಕ್ಕಳು. ಹೊಳೆಪ್ಪ ನಗಲಿಲ್ಲ. ತುತ್ತು ಹಿಡಿದ ಕೈ ತಾಟಿನ ಮೇಲೆಯೇ ನಿಂತಿತ್ತು. ಅನ್ನ ಆರಿಹೋಯಿತು. ಏನಾಯಿತು ಎಂದು ಮಗಳು ಕೇಳಿದಳು, ಏನಿಲ್ಲ ಎಂದು ಎದ್ದು ಕೈ ತೊಳೆದುಕೊಂಡ.

ಮರುದಿನ ಕಚೇರಿಗೆ ರಜೆ ಹಾಕಿ, ಉಕ್ಕಿನ ಟೇಪು ಜೇಬಿಗಿಳಿಸಿ, ಮುಧೋಳಕ್ಕೆ ಹೋಗಿ ರನ್ನ ಬೆಳಗಲಿಯ ಬಸ್ಸು ಹಿಡಿದ. ಅಣ್ಣಾಸಾಹೇಬರ ಜೊಂಗಾ ಈಗ ಓಡುತ್ತಿರಲಿಲ್ಲ. ಕಬ್ಬಿನ ರವದಿಯ ಬಣವೆಯ ಪಕ್ಕದಲ್ಲಿ ನಿಂತಿತ್ತು, ಬಾನೆಟ್ಟಿನ ಮೇಲೆ ಕೋಳಿ ಕೂತಿದ್ದವು. ಸಾಹುಕಾರರು ಕಟ್ಟೆಯ ಮೇಲಿಂದ, ಇಷ್ಟು ದೂರ ಬಂದು ಕೆಟ್ಟ ಗಾಡಿ ಅಳೆಯುವುದೇನು, ಕೊಳ್ಳುವ ವಿಚಾರವೇ ಎಂದು ಕೇಳಿದರು.

"ಇಲ್ರಿ. ನನ್ನ ಮಗಾ ಇಂಥಾದ್ದ ಒಂದ ಗಾಡಿ ಅಳದಿದ್ದ. ಅವನ ಅಳತಿ ಬರೋಬ್ಬರಿ ಐತೇನ ನೋಡಬೇಕ್ರಿ."

ಯಾರ ಮಗ ಎಂಬುದು ಅಣ್ಣಾಸಾಹೇಬರಿಗೆ ಆಗ ಹೊಳೆಯಿತು. ಆ ಪೆಟ್ಟಿಗೆ ಬಂದ ದಿನ ತಾಲೂಕುಗಳೆಲ್ಲ ಸೇರಿದ್ದವು. ಅವರು ಕಟ್ಟೆಯಿಂದ ಇಳಿದು ಬಂದು, ಮೊಣಕಾಲೂರಿ ಟೇಪಿನ ಇನ್ನೊಂದು ತುದಿಯನ್ನು ಹಿಂದಿನ ಅಚ್ಚಿಗೆ ಹಿಡಿದರು. ಹೊಳೆಪ್ಪ ಮುಂದಿನ ಅಚ್ಚಿನ ಮೇಲೆ ಬಗ್ಗಿ ಓದಿದ. ಒಂಬತ್ತು ಗೇಣೆಂದರೆ ಅವನ ಲೆಕ್ಕಕ್ಕೆ ಎಂಬತ್ತೊಂದು ಇಂಚು. ಟೇಪು ಎಂಬತ್ತೇಳೂ ಮುಕ್ಕಾಲು ತೋರಿಸುತ್ತಿತ್ತು. ಆರೂ ಮುಕ್ಕಾಲು ಇಂಚು ಹೆಚ್ಚು. ಅದನ್ನು ಒಂಬತ್ತು ಪಾಲು ಮಾಡಿದರೆ ಪಾಲಿಗೆ ಮುಕ್ಕಾಲು ಇಂಚು, ಒಂದು ನೂಲೂ ಉಳಿಯದೆ. ಬಂಪರಿನಿಂದ ಬಂಪರಿಗೆ ಹಿಡಿದ, ಗೇಣಿಗೆ ಮುಕ್ಕಾಲೇ ಬಂತು. ಗೂಡು ಹಿಡಿದ, ಮುಕ್ಕಾಲೇ. ನಲವತ್ತು ಅಳತೆಯಲ್ಲಿ ಒಂದಾದರೂ ತಪ್ಪಲಿ ಎಂದು ಅವನು ಆ ಬಿಸಿಲಿನಲ್ಲಿ ಗಾಡಿಯ ಸುತ್ತ ತಿರುಗಿದ. ಒಂದೂ ತಪ್ಪಲಿಲ್ಲ. ಬೆಟ್ಟದ ಮೇಲೆ, ಹಿಮದಲ್ಲಿ, ಮೇಲಿನವರ ಕಣ್ಣು ತಪ್ಪಿಸಿ, ಮರಗಟ್ಟುವ ಬೆರಳು ಅಗಲಿಸಿ ಹುಡುಗ ನಲವತ್ತಕ್ಕೆ ನಲವತ್ತನ್ನೂ ಸರಿಯಾಗಿ ಅಳೆದಿದ್ದ. ಅವನ ಗೇಣು ಒಂಬತ್ತೂ ಮುಕ್ಕಾಲು ಇಂಚು ಇತ್ತು.

ಚಹಾ ಕುಡಿದು ಹೋಗು ಎಂದು ಅಣ್ಣಾಸಾಹೇಬರು ಅಂದದ್ದು ಅವನಿಗೆ ಕೇಳಿಸಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಇಡೀ ಸೀಮೆಗೆ ಟೇಪು ಹಿಡಿದವನಿಗೆ, ಮೂರನೆಯ ಇಯತ್ತೆಯ ಪೋರರಿಗೆ ತಿಳಿಯುವ ಮಾತು ತಿಳಿದಿರಲಿಲ್ಲ. ಹದಿನೈದನೆಯ ವರ್ಷಕ್ಕೆ ಅವನು ಅಳೆಯುವುದನ್ನು ನಿಲ್ಲಿಸಿದ್ದ, ಹುಡುಗ ಬೆಳೆಯುವುದನ್ನು ನಿಲ್ಲಿಸಿರಲಿಲ್ಲ, ಅಷ್ಟೇ ಆದದ್ದು. ಇನ್ನು ಬೈದದ್ದು ಸುಳ್ಳಲ್ಲ ಎಂದು ಹೇಳಿಕೊಳ್ಳಲೂ ಬರುತ್ತಿರಲಿಲ್ಲ. ಕಂಡಕ್ಟರ್ ಚೀಟಿ ಕೇಳಿದಾಗ ಅವನು ಟೇಪನ್ನು ತೆಗೆದು ಕೊಟ್ಟನಂತೆ.

ಮನೆಗೆ ಬಂದವನೇ ಗೋಡೆಯ ಗೂಡಿನಿಂದ ಜೊಂಗಾ ಇಳಿಸಿದ. ಹಳೆಯ ಗಾಲಿಗಳನ್ನು ಒಲೆಗೆ ಹಾಕಿದ. ಹವಾಯಿ ಚಪ್ಪಲಿಯೊಂದನ್ನು ಕತ್ತರಿಸಿ, ಯುವರಾಜನ ಗೇಣಿನ ಲೆಕ್ಕದಲ್ಲಿ ನಾಲ್ಕು ಹೊಸ ಗಾಲಿ ಕೊರೆದ. ಮೂರು ಇಂಚು, ಮೇಲೊಂದು ಕೂದಲೆಳೆಯಷ್ಟು. ಎರಡು ದಿನ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಒಂದೊಂದನ್ನೇ ಅಚ್ಚಿಗೆ ಹಾಕಿ ಕೀಲು ಬಡಿದ. ನಾಲ್ಕೂ ಗೂಡಿನೊಳಗೆ ಸುಮ್ಮನೆ ಹೋಗಿ ಕೂತವು. ಬೆರಳಿನಿಂದ ತಟ್ಟಿದರೆ ಎಲ್ಲೂ ತಾಗದೆ ತಿರುಗಿದವು. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಇಷ್ಟು ತಪ್ಪಿಲ್ಲದ ಗಾಡಿ ಹೊರಬಿದ್ದಿರಲಿಲ್ಲ. ಹೊಳೆಪ್ಪ ಅದನ್ನು ಮುಂದಿಟ್ಟುಕೊಂಡು ಅತ್ತ. ಪೆಟ್ಟಿಗೆ ಬಂದ ದಿನವೂ ಊರ ಮುಂದೆ ಅವನು ಹಾಗೆ ಅತ್ತಿರಲಿಲ್ಲ.

ಮುದಕವ್ವ ಅಡುಗೆ ಬಿಟ್ಟು ಬಂದು ಎದುರಿಗೆ ಕೂತಳು. ಅವನೇ ಎಲ್ಲ ಹೇಳಿದ. ಪಾಠ, ಬೆಳಗಲಿ, ಎಂಬತ್ತೇಳೂ ಮುಕ್ಕಾಲು ಇಂಚು. ಅವನ ಕೈ ನನ್ನ ಕೈಗಿಂತ ದೊಡ್ಡದಿತ್ತು ಎಂದ, ಯಾರೂ ತಿಳಿಯದ ಗುಟ್ಟನ್ನು ಹೇಳುವವನಂತೆ. ಅವಳಿಗೆ ಅಚ್ಚರಿಯಾಗಲಿಲ್ಲ.

"ನನಗ ಗೊತ್ತಿತ್ರಿ," ಎಂದಳು. "ರಜಾಕ್ಕ ಬಂದಾಗ ನನ್ನ ಬೆನ್ನ ಮ್ಯಾಲ ಕೈ ಇಟ್ಟಿದ್ದ. ನಿಮ್ಮದಕ್ಕಿಂತಾ ದೊಡ್ಡದ ಆಗೇತಿ ಅಂತ ಆವಾಗನ ತಿಳೀತು."

ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದ. ಸಿಟ್ಟಿನಿಂದ ಕೇಳಲಿಲ್ಲ, ಸಿಟ್ಟು ಎಲ್ಲಿ ಉಳಿದಿತ್ತು.

"ಅಳತಿ ವಿಷಯದಾಗ ನೀವು ಯಾರನ್ನ ಕೇಳೀರಿ?"

ಹೊಳೆಪ್ಪ ಜೊಂಗಾವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ಎಷ್ಟಿತ್ತು, ತೋರಿಸು ಎಂದ. ಮುದಕವ್ವ ಹಿಟ್ಟು ಮೆತ್ತಿದ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು, ಸ್ವಲ್ಪ ಹತ್ತಿರ ತಂದಳು, ಸ್ವಲ್ಪ ದೂರ ಮಾಡಿದಳು, ಒಂದು ಕಡೆ ನಿಲ್ಲಿಸಿದಳು. ಟೇಪು ಅವನ ಪಕ್ಕದಲ್ಲೇ ಬಿದ್ದಿತ್ತು. ಅವನು ಅದನ್ನು ಮುಟ್ಟಲಿಲ್ಲ. ತನ್ನ ಬಲಗೈಯನ್ನು ಅಗಲ ಮಾಡಿ ಅವಳ ಎರಡು ಅಂಗೈಗಳ ನಡುವೆ ತಂದ. ಹೆಬ್ಬೆರಳು ಒಂದು ಅಂಗೈಗೆ ತಾಗಿತು. ಬೆರಳಿನ ಸಂದು ನೋಯುವಷ್ಟು ಚಾಚಿದರೂ ಕಿರುಬೆರಳು ಇನ್ನೊಂದು ಅಂಗೈಯನ್ನು ಮುಟ್ಟಲಿಲ್ಲ. ಮುದಕವ್ವ ಕೈಗಳನ್ನು ಹತ್ತಿರ ತರಲಿಲ್ಲ.

"ತಪ್ಪ ನಂದು," ಎಂದ ಹೊಳೆಪ್ಪ, ಉಳಿದ ಆ ಸಣ್ಣ ಜಾಗವನ್ನು ನೋಡುತ್ತ.